‘ಒರಿಜಿನಲ್’ ಎಂಬ ಮಾತು, ಕೇಳದೆ ಬಿಟ್ಟ ಬಿಲ್ಲು

ಠಾಣೆಯ ನೌಪಾಡಾ ಇರಲಿ, ಡೊಂಬಿವಲಿಯ ಸ್ಟೇಷನ್ ರಸ್ತೆ ಇರಲಿ, ಕಲ್ಯಾಣದ ಶಿವಾಜಿ ಚೌಕವಿರಲಿ, ವಾಶಿ-ನೆರೂಳಗಳ ಸೆಕ್ಟರುಗಳಿರಲಿ, ಯಾವ ರಿಪೇರಿ ಅಂಗಡಿಯ ಮುಂದೆ ನಿಂತರೂ ಗಿರಾಕಿಯ ಕಿವಿಗೆ ಬೀಳುವ ಮಂತ್ರ ಒಂದೇ: “ಏಕ್‌ದಮ್ ಒರಿಜಿನಲ್, ಸಾಹೇಬ್!” ಮಿಕ್ಸರಿನ ಕಪ್ಲರ್ ಒರಿಜಿನಲ್, ಸ್ಕೂಟರಿನ ಬ್ರೇಕ್ ಶೂ ಒರಿಜಿನಲ್, ಕುಕ್ಕರಿನ ಗ್ಯಾಸ್ಕೆಟ್ ಒರಿಜಿನಲ್, ಮೊಬೈಲಿನ ಬ್ಯಾಟರಿಯಂತೂ ಒರಿಜಿನಲ್‌ಗಿಂತಲೂ ಒರಿಜಿನಲ್. ಹೀಗೆ ಎಲ್ಲವೂ ಒರಿಜಿನಲ್ ಆಗಿರುವ ಈ ಸತ್ಯಯುಗದಲ್ಲಿ ನಕಲಿ ಮಾಲು ಎಲ್ಲಿ ಮಾರಾಟವಾಗುತ್ತಿದೆ ಎಂಬುದೇ ಒಂದು ಒಗಟು.

ಈ ಒಗಟನ್ನು ಬಿಡಿಸಹೊರಟ ನಮಗೆ ಸಿಕ್ಕ ಉತ್ತರ ಅಷ್ಟೇನೂ ಹಿತಕರವಾದುದಲ್ಲ. ಅಂಗಡಿಯವನು ಹೇಳುವ ಸುಳ್ಳಿನಲ್ಲಿ ನಾವೂ ಅರ್ಧ ಪಾಲುದಾರರು ಎಂಬುದೇ ಆ ಉತ್ತರ. ಇದನ್ನು ಬರೆಯುವಾಗ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನಮ್ಮದಾಗಿದೆ. ಆದರೂ ಬರೆಯುತ್ತೇವೆ, ಏಕೆಂದರೆ ನಮ್ಮ ಮನೆಯಲ್ಲಿ ನಡೆದದ್ದು ನಾಳೆ ಓದುಗರ ಮನೆಯಲ್ಲೂ ನಡೆಯಬಹುದು, ಅಲ್ಲಿ ಅದು ನಮ್ಮಲ್ಲಿ ಮುಗಿದಷ್ಟು ಅಗ್ಗವಾಗಿ ಮುಗಿಯದೆಯೂ ಇರಬಹುದು.

ನಾವು ಡೊಂಬಿವಲಿ ಪೂರ್ವದ ನಿವಾಸಿಗಳು. ಓದಿದ್ದು ಬಿಎಸ್ಸಿ, ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಕಳೆದ ಮಳೆಗಾಲದಲ್ಲಿ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಯಿತು. ಸುರಕ್ಷಾ ಕವಾಟವೂ, ಅಂದರೆ ಸೇಫ್ಟಿ ವಾಲ್ವ್ ಎನ್ನುತ್ತೇವಲ್ಲ ಅದೂ, ಹಳತಾಗಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಅಂಗಡಿಯಲ್ಲಿ ಎರಡನ್ನೂ ಬದಲಾಯಿಸಿಕೊಂಡೆವು. ಪ್ಯಾಕೆಟ್ಟಿನಿಂದ ತೆಗೆದದ್ದಲ್ಲ, ಮೊಳೆಗೆ ನೇತುಹಾಕಿದ್ದ ಗ್ಯಾಸ್ಕೆಟ್ಟುಗಳ ಮಾಲೆಯಿಂದ ಒಂದು, ಡಬ್ಬಿಯಲ್ಲಿದ್ದ ಕವಾಟಗಳ ರಾಶಿಯಿಂದ ಒಂದು. ಎರಡಕ್ಕೂ ಸೇರಿ 180 ರೂಪಾಯಿ. “ಒರಿಜಿನಲ್ ತಾನೆ?” ಎಂದು ನಾವು ಕೇಳಿದೆವು, ಅವನು ಮಂತ್ರ ಹೇಳಿದ. “ಬಿಲ್ ಪಾಹಿಜೆ ಕಾ? ಮಗ್ ಜಿಎಸ್‌ಟಿ ಲಾಗೇಲ್” ಎಂದು ಅವನು ಕೇಳಿದ; “ನಕೋ, ನಕೋ” ಎಂದು ನಾವು ಮಂತ್ರ ಹೇಳಿದೆವು. ವ್ಯವಹಾರ ಸಾಂಗವಾಗಿ ಮುಗಿಯಿತು.

ಮೂರು ತಿಂಗಳು ಕಳೆದವು. ಒಂದು ಬೆಳಿಗ್ಗೆ ನಾವು ಲೋಕಲ್ ಹಿಡಿಯುವ ಅವಸರದಲ್ಲಿದ್ದಾಗ ಮನೆಯಾಕೆ ಅಡುಗೆಮನೆಯಿಂದ, “ಕುಕ್ಕರ್ ಸೀಟಿ ಹೊಡೆಯುತ್ತಲೇ ಇಲ್ಲ” ಎಂದು ಕೂಗಿದರು. ಮುಚ್ಚಳದ ಅಂಚಿನ ಒಂದು ಕಡೆಯಿಂದ ಸುಂಯ್ ಎಂದು ಹಬೆ ಸೋರುತ್ತಿತ್ತು. ಸೀಟಿ ಮಾತ್ರ ಮೌನ. ಗ್ಯಾಸ್ ಆರಿಸಿ, ತಣ್ಣಗಾದ ಮೇಲೆ ತೆಗೆದು ನೋಡಿದರೆ, ಹಬೆ ಹೋಗುವ ನಳಿಕೆಯಲ್ಲಿ ತೊಗರಿಬೇಳೆಯ ಸಿಪ್ಪೆ ಗೂಟದಂತೆ ಕೂತಿತ್ತು. ಹೊಸದಾಗಿ ಹಾಕಿಸಿದ ಗ್ಯಾಸ್ಕೆಟ್ ಮೂರೇ ತಿಂಗಳಲ್ಲಿ ಒಂದೆಡೆ ಸೆಟೆದು ಬಿರುಕು ಬಿಟ್ಟಿತ್ತು. ಹಬೆ ಸೋರಿದ್ದು ಅಲ್ಲಿಂದ. ಹಾಗಾದರೆ ಸುರಕ್ಷಾ ಕವಾಟ? ಅದು ಏನೂ ಅರಿಯದ ಹಸುಳೆಯಂತೆ ತನ್ನ ಸ್ಥಾನದಲ್ಲೇ ಇತ್ತು.

ಹಬೆ ಬೇರೆ ಕಡೆ ಸೋರಿದ್ದರಿಂದ ಕವಾಟಕ್ಕೆ ಕೆಲಸವೇ ಬೀಳಲಿಲ್ಲವೋ, ಅಥವಾ ಕವಾಟಕ್ಕೆ ಕೆಲಸವೇ ಗೊತ್ತಿರಲಿಲ್ಲವೋ? ಇಪ್ಪತ್ತು ವರ್ಷ ಕಡತಗಳ ಕೆಳಗೆ ಮಲಗಿದ್ದ ನಮ್ಮ ಬಿಎಸ್ಸಿ ಅಂದು ಎದ್ದು ಕೂತಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿದ್ದ ಕವಾಟಗಳನ್ನು ಬಿಲ್ಲು ಸಮೇತ ಎರಡು ತಂದೆವು: ಒಂದು ಕುಕ್ಕರಿಗೆ, ಒಂದು ಪರೀಕ್ಷೆಗೆ. ಈ ಬಗೆಯ ಕವಾಟದ ನಡುವೆ ಬೇಗ ಕರಗುವ ಮಿಶ್ರಲೋಹದ ಒಂದು ಬಿರಡೆ ಇರುತ್ತದೆ. ನಳಿಕೆ ಕಟ್ಟಿಕೊಂಡೋ ನೀರು ಬತ್ತಿಯೋ ಕುಕ್ಕರಿನ ಶಾಖ ಮಿತಿ ಮೀರಿದಾಗ ಆ ಲೋಹ ಕರಗಿ, ತೂತು ತೆರೆದು, ಹಬೆ ಹೊರಗೆ ಹೋಗಬೇಕು. ಹಳೆಯ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಎರಡು ಕವಾಟಗಳನ್ನೂ ಮುಳುಗಿಸಿದೆವು. ಕಂಪನಿಯದರ ಬಿರಡೆ ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗಿ ಬೆಳ್ಳಿಯ ಹನಿಯಂತೆ ಬಾಣಲೆಯ ತಳಕ್ಕೆ ಬಿತ್ತು. ಅಂಗಡಿಯವನ ‘ಒರಿಜಿನಲ್’ ಮಾತ್ರ ಎಣ್ಣೆ ಹೊಗೆಯಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಅದು ಕವಾಟವಲ್ಲ, ಕವಾಟದ ವೇಷ ಹಾಕಿದ ತಿರುಪು. ಮೂರು ತಿಂಗಳು ನಾವು ನಂಬಿ ಕುಳಿತದ್ದು ಅದನ್ನು. ಒಂದು ನಕಲಿ ನಮ್ಮನ್ನು ಕೊಲ್ಲಲು ಸಿದ್ಧವಾಗಿತ್ತು. ಇನ್ನೊಂದು ನಕಲಿ ಬಿರುಕು ಬಿಟ್ಟು ಕಾಪಾಡಿತು. (ಈ ಪರೀಕ್ಷೆಯನ್ನು ಯಾರೂ ಅನುಕರಿಸಬಾರದಾಗಿ ಪ್ರಾರ್ಥನೆ. ಬಾಣಲೆಯ ವಿಚಾರವಾಗಿ ಮನೆಯಲ್ಲಿ ಇಂದಿಗೂ ಮಾತು ಕೇಳುತ್ತಿದ್ದೇವೆ.)

‘ಕೊಲ್ಲಲು’ ಎಂಬ ಮಾತು ಅತಿಶಯೋಕ್ತಿ ಎನಿಸಿದವರು ಸ್ವಲ್ಪ ಲೆಕ್ಕ ಮಾಡಿ ನೋಡಲಿ. ಕುಕ್ಕರಿನೊಳಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಹೆಚ್ಚುವರಿ ಒತ್ತಡವಿದ್ದಾಗ ನೀರು ಕುದಿಯುವುದು ಸುಮಾರು 120 ಡಿಗ್ರಿಯಲ್ಲಿ. ಬೇಳೆ ಬೇಗ ಬೇಯುವ ಗುಟ್ಟು ಅದೇ. ಮುಚ್ಚಳದ ವ್ಯಾಸ 20 ಸೆಂಟಿಮೀಟರ್ ಎಂದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಎಂದರೆ ದಿನವೂ, ಎಲ್ಲವೂ ಸರಿಯಾಗಿರುವಾಗಲೇ, ಆ ಮುಚ್ಚಳವನ್ನು ಒಳಗಿನಿಂದ ತಳ್ಳುತ್ತಿರುವುದು ಮೂರು ಕ್ವಿಂಟಾಲಿಗೂ ಮಿಕ್ಕ ಬಲ. ನಳಿಕೆ ಕಟ್ಟಿಕೊಂಡರೆ ಅದು ಇನ್ನೆಷ್ಟಕ್ಕೆ ಏರುವುದೋ! ಆ ಬಲಕ್ಕೂ ಒಲೆಯ ಮುಂದೆ ನಿಂತವರ ಮುಖಕ್ಕೂ ನಡುವೆ ಇರುವುದು ಕಿರುಬೆರಳ ಉಗುರಿನಷ್ಟು ಲೋಹ.

ಇಲ್ಲಿಯೇ ನಮ್ಮ ಮುಖ್ಯ ವಾದವಿದೆ. ಬಿಡಿಭಾಗದ ಮಾತು ಬಂದಾಗ ನಾವೆಲ್ಲ ಒಪ್ಪಿಕೊಂಡಿರುವ ಸಾಕ್ಷ್ಯ ಒಂದೇ: “ನಡೆಯುತ್ತಿದೆಯಲ್ಲ?” ಮರಾಠಿಯವರು ‘ಚಾಲ್ತಂಯ್ ನಾ’ ಎನ್ನುತ್ತಾರೆ, ಹಿಂದಿಯವರು ‘ಚಲೇಗಾ’ ಎನ್ನುತ್ತಾರೆ, ಈ ಒಂದು ತತ್ತ್ವದಲ್ಲಿ ಭಾಷಾ ವಿವಾದವೇ ಇಲ್ಲ. ಮಿಕ್ಸರಿನ ಬ್ಲೇಡಿನ ವಿಷಯಕ್ಕೆ ಈ ಸಾಕ್ಷ್ಯ ಸಾಕು. ಚಟ್ನಿ ನುಣ್ಣಗಾದರೆ ಸರಿ, ಇಲ್ಲವಾದರೆ ಅಂದೇ ಗೊತ್ತಾಗುತ್ತದೆ. ಆದರೆ ಸುರಕ್ಷಾ ಕವಾಟ, ವಿದ್ಯುತ್ತಿನ ಫ್ಯೂಸು, ಗ್ಯಾಸಿನ ರಬ್ಬರ್ ನಳಿಕೆ ಇವುಗಳ ಗುಣವೇ ಬೇರೆ. ಇವು ವರ್ಷಗಟ್ಟಲೆ ಸುಮ್ಮನಿದ್ದು, ಒಂದೇ ಒಂದು ದಿನ, ಒಂದೇ ಒಂದು ಕ್ಷಣ ಕೆಲಸಕ್ಕೆ ಬರಬೇಕಾದವು. ಸ್ಕೂಟರಿನ ಬ್ರೇಕನ್ನೂ ಇದೇ ಸಾಲಿಗೆ ಸೇರಿಸಬಹುದು. ಡಿಸೆಂಬರಿನಲ್ಲಿ ಸಾವಕಾಶವಾಗಿ ಹೋಗುವಾಗ ಯಾವ ಬ್ರೇಕೂ ಹಿಡಿಯುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಕಲ್ಯಾಣ-ಶೀಲ್ ರಸ್ತೆಯ ಟ್ಯಾಂಕರ್ ಎದುರಿಗೆ ಬಂದಾಗಲೇ ಅದರ ಯೋಗ್ಯತೆ ತಿಳಿಯುವುದು. ಇಂಥ ಭಾಗಗಳು ‘ನಡೆಯುತ್ತಿವೆ’ ಎಂದು ಹೇಳುವುದರಲ್ಲಿ ಅರ್ಥವೇ ಇಲ್ಲ. ಆದ್ದರಿಂದ ಕೊಳ್ಳುವ ದಿನವೇ ಅವುಗಳ ಕುಲಗೋತ್ರ ವಿಚಾರಿಸಬೇಕು. ಆ ಕುಲಗೋತ್ರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಮುಂದಿನ ಕಥೆಗೆ ಬರೋಣ. ಕರಗದ ಕವಾಟವನ್ನು ಕಿಸೆಯಲ್ಲಿಟ್ಟುಕೊಂಡು ನಾವು ಅಂಗಡಿಗೆ ಹೋದೆವು. ಮಾಲೀಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಹು ಸೌಜನ್ಯದಿಂದಲೇ ಕೇಳಿದ: “ಇದು ನಮ್ಮ ಅಂಗಡಿಯದೇ ಎನ್ನುವುದಕ್ಕೆ ಏನಿದೆ, ಸಾಹೇಬ್?” ನಮ್ಮ ಬಳಿ ಉತ್ತರವಿರಲಿಲ್ಲ. ಅವನ ಪ್ರಶ್ನೆ ನ್ಯಾಯವಾದದ್ದೇ. ಕಚೇರಿಯಲ್ಲಿ ಯಾರಾದರೂ ಪ್ರಯಾಣ ಭತ್ಯೆಯ ಬಿಲ್ಲಿಗೆ ಟಿಕೆಟ್ಟಿನ ಚೂರೊಂದನ್ನು ಲಗತ್ತಿಸದಿದ್ದರೆ ‘ವೋಚರ್ ಇಲ್ಲ, ಹಿಂದಿರುಗಿಸಲಾಗಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಮಹಾನುಭಾವರು ನಾವು. ಸರಕಾರದ ನಲವತ್ತು ರೂಪಾಯಿಗೆ ಅಷ್ಟು ಕಾವಲು. ನಮ್ಮ ಅಡುಗೆಮನೆಯ ಜೀವಗಳಿಗೆ ‘ನಕೋ, ನಕೋ’. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನೆನೆಯುತ್ತ ಹಿಂದಿರುಗಿದೆವು.

ಹಾಗಾದರೆ ಕಂಪನಿಯ ಪೆಟ್ಟಿಗೆಯಲ್ಲಿ ಬಂದದ್ದು ಮಾತ್ರ ಶುದ್ಧ, ಮಿಕ್ಕಿದ್ದೆಲ್ಲ ಮೈಲಿಗೆಯೇ? ಈ ಮಡಿಯನ್ನು ನಾವು ಒಪ್ಪುವುದಿಲ್ಲ. ಪೇಟೆಯಲ್ಲಿ ಸಿಗುವ ಬಿಡಿಭಾಗಗಳು ನಾಲ್ಕು ಬಗೆಯವು. ನಾಲ್ಕನ್ನೂ ‘ಒರಿಜಿನಲ್’, ‘ಡೂಪ್ಲಿಕೇಟ್’ ಎಂಬ ಎರಡೇ ಚೀಲಗಳಿಗೆ ತುಂಬುವುದರಿಂದಲೇ ಮೋಸಗಾರನಿಗೆ ಸುಗ್ಗಿ.

ಮೊದಲನೆಯದು, ಯಂತ್ರ ಮಾಡಿದ ಕಂಪನಿ ತನ್ನ ಹೆಸರಿನ ಪ್ಯಾಕೆಟ್ಟಿನಲ್ಲಿ ಮಾರುವುದು. ಎರಡನೆಯದು, ಆ ಕಂಪನಿಗೇ ಭಾಗಗಳನ್ನು ಒದಗಿಸುವ ಕಾರ್ಖಾನೆ ತನ್ನ ಸ್ವಂತ ಹೆಸರಿನಲ್ಲಿ ಮಾರುವುದು. 1951ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಮೈಕೋ, 2008ರಿಂದ ಬಾಷ್ ಎಂದು ಹೆಸರಾದದ್ದು, ಯಾರಿಗೆ ಗೊತ್ತಿಲ್ಲ? ಅಂಥ ಕಾರ್ಖಾನೆಯ ಮಾಲು ವಾಹನ ಕಂಪನಿಯ ಪೆಟ್ಟಿಗೆಯಲ್ಲೂ ಬರುತ್ತದೆ, ತನ್ನದೇ ಪೆಟ್ಟಿಗೆಯಲ್ಲೂ ಬರುತ್ತದೆ. ಎರಡನೆಯದರ ಬೆಲೆ ಎಷ್ಟೋ ವೇಳೆ ಕಡಿಮೆ. ಇದನ್ನು ‘ಡೂಪ್ಲಿಕೇಟ್’ ಎನ್ನುವುದು ಅನ್ಯಾಯ. ಮೂರನೆಯದು, ಬೇರೊಬ್ಬ ತಯಾರಕ ತನ್ನ ಹೆಸರು, ವಿಳಾಸ ಹಾಕಿ, ‘ಇಂಥ ಯಂತ್ರಕ್ಕೆ ಹೊಂದುತ್ತದೆ’ ಎಂದು ಹೇಳಿ ಮಾರುವುದು. ಇದು ಚೆನ್ನಾಗಿರಬಹುದು, ಸಾಧಾರಣವಿರಬಹುದು, ಆದರೆ ಸುಳ್ಳಲ್ಲ. ಕೆಟ್ಟರೆ ಹಿಡಿದು ಕೇಳಲು ಒಂದು ಹೆಸರಿದೆ. ನಾಲ್ಕನೆಯದು, ಪರರ ಹೆಸರು ಹಾಕಿಕೊಂಡದ್ದು, ಇಲ್ಲವೇ ಯಾರ ಹೆಸರೂ ಇಲ್ಲದೆ ಅಂಗಡಿಯವನ ನಾಲಿಗೆಯ ಮೇಲೆ ಮಾತ್ರ ‘ಒರಿಜಿನಲ್’ ಆಗಿರುವುದು. ನಮ್ಮ ಜಗಳ ಈ ನಾಲ್ಕನೆಯದರ ಜೊತೆ ಮಾತ್ರ.

ಮೂರಕ್ಕೂ ನಾಲ್ಕಕ್ಕೂ ನಡುವಿನ ಗೆರೆ ಎಷ್ಟು ತೆಳುವಾದದ್ದು ಎಂಬುದಕ್ಕೆ ನಮ್ಮ ಠಾಣೆಯಲ್ಲೇ ಕಾರ್ಖಾನೆ ಇರುವ ಹಾಕಿನ್ಸ್ ಕುಕ್ಕರ್ ಕಂಪನಿಯ ಒಂದು ಮೊಕದ್ದಮೆ ಸಾಕ್ಷಿ. ಒಬ್ಬ ವ್ಯಾಪಾರಿ ತನ್ನ ಬೇರೆ ಹೆಸರಿನ ಗ್ಯಾಸ್ಕೆಟ್ಟಿನ ಪೊಟ್ಟಣದ ಮೇಲೆ, ಇದು ಹಾಕಿನ್ಸ್ ಕುಕ್ಕರಿಗೆ ಹೊಂದುತ್ತದೆ ಎಂದು ಅಚ್ಚುಹಾಕಿಸಿದ್ದ. ಆ ಸಾಲಿನಲ್ಲಿ ಕಂಪನಿಯ ಹೆಸರು ಮಾತ್ರ ಎದ್ದು ಕಾಣುವಂತಿತ್ತು. ಬಿಡಿಭಾಗ ಯಾವ ಯಂತ್ರಕ್ಕೆ ಹೊಂದುತ್ತದೆ ಎಂದು ತಿಳಿಸಲು ಅಗತ್ಯವಿದ್ದಷ್ಟು ಮಟ್ಟಿಗೆ ಬೇರೆಯವರ ಹೆಸರನ್ನು ಬಳಸಲು 1999ರ ಟ್ರೇಡ್ ಮಾರ್ಕ್ ಕಾಯಿದೆ ಅವಕಾಶ ಕೊಡುತ್ತದೆ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮೊದಲು ವ್ಯಾಪಾರಿಯ ಪರವಾಗಿ ತೀರ್ಪಿತ್ತಿತು. ಆದರೆ 2012ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಅದನ್ನು ತಿರುಗಿಸಿತು: ಆ ಗ್ಯಾಸ್ಕೆಟ್ ಬೇರೆ ಕುಕ್ಕರುಗಳಿಗೂ ಹೊಂದುವಾಗ ಒಂದೇ ಕಂಪನಿಯ ಹೆಸರನ್ನು ಹಾಗೆ ಮೆರೆಸುವ ಅಗತ್ಯವೇನಿತ್ತು ಎಂಬುದು ಅದರ ನ್ಯಾಯ. ನ್ಯಾಯಾಧೀಶರೇ ಎರಡು ಬಗೆಯಾಗಿ ಓದಿದ ಪೊಟ್ಟಣವನ್ನು ನಾವು ಸಂಜೆ ಏಳು ಗಂಟೆಗೆ, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಓದದೆಯೇ ಕೊಳ್ಳುತ್ತೇವೆ. ಆದ್ದರಿಂದ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ. ‘ಸೂಟಬಲ್ ಫಾರ್’ ಎಂದಿದ್ದರೆ ಅದು ಆ ಕಂಪನಿಯ ಮಾಲಲ್ಲ, ಬೇರೆಯವರದು. ಕೊಳ್ಳುವುದೇ ಆದರೆ ತಿಳಿದು ಕೊಳ್ಳಿ, ಬೇರೆಯವರದಕ್ಕೆ ತಕ್ಕ ಬೆಲೆಗೇ ಕೊಳ್ಳಿ.

ಕಂಪನಿಗಳೂ ಈ ಕಥೆಯಲ್ಲಿ ಹಾಲುಗಲ್ಲದ ಕೂಸುಗಳಲ್ಲ. “ನಮ್ಮಲ್ಲಿಗೇ ಬನ್ನಿ, ಹೊರಗೆ ಸಿಗುವುದೆಲ್ಲ ನಕಲಿ” ಎಂದು ಹೆದರಿಸುವವರೇ, ಅಸಲಿ ಮಾಲು ಹೊರಗಿನ ಮೆಕ್ಯಾನಿಕ್ಕಿಗೆ ಸಿಗದಂತೆ ಮಾಡಿದ ಉದಾಹರಣೆ ಇದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದ್ದು ಇದಕ್ಕಾಗಿಯೇ: ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ದೊರೆಯಗೊಡಲಿಲ್ಲವೆಂದು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಅಸಲಿಯ ಬಾಗಿಲು ಮುಚ್ಚಿದಲ್ಲಿ ನಕಲಿ ಕಿಟಕಿಯಿಂದ ಬರುತ್ತದೆ ಎಂಬ ಸರಳ ಸತ್ಯ ಅವರಿಗೆ ತಿಳಿಯದೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಮೋಟಾರು ರಿಪೇರಿಯ ಹಕ್ಕಿಗೆ ಮತ ಹಾಕಿದರು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಈ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಪೋರ್ಟಲ್ ತೆರೆಯುವುದು ಬೇರೆ, ಕಂಪನಿಯ ಉಗ್ರಾಣದ ಬಾಗಿಲು ತೆರೆಯಿಸುವುದು ಬೇರೆ. ಎರಡನೆಯದಕ್ಕೆ ಗಿರಾಕಿಗಳ ಗದ್ದಲ ಬೇಕು.

ಇನ್ನು ಕಂಪನಿಯೇ ಕಣ್ಣು ಮುಚ್ಚಿದರೆ ಏನು ಗತಿ? ನಮ್ಮ ತಲೆಮಾರಿನ ಅನೇಕ ಕನ್ನಡ ಮನೆಗಳಲ್ಲಿ ತಂದೆಯವರ ಎಚ್‌ಎಂಟಿ ಗಡಿಯಾರ ಇನ್ನೂ ಇದೆ. ಜಪಾನಿನ ಸಿಟಿಜನ್ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಇಂದು ಅದಕ್ಕೆ ಭಾಗ ಬೇಕಾದರೆ ಹಳೆಯ ದಾಸ್ತಾನಿನಿಂದಲೋ, ಸತ್ತ ಇನ್ನೊಂದು ಗಡಿಯಾರದಿಂದಲೋ, ಇಲ್ಲವೇ ಬೇರೆಯವರು ಮಾಡಿದ ಭಾಗದಿಂದಲೋ ಹೊಂದಿಸಬೇಕು. ಅದರಲ್ಲಿ ತಪ್ಪಿಲ್ಲ, ತಂದೆಯ ಗಡಿಯಾರ ನಡೆಯಬೇಕು. ಆದರೆ ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖ ಬಳಿದು, ಅಸಲಿ ಎಂದು ವಿದೇಶಗಳಿಗೆ ಮಾರುವವರೂ ಇದ್ದಾರೆ. ಅಂಥ ಗಡಿಯಾರಗಳಿಗೆ ಹೊರದೇಶದ ಸಂಗ್ರಾಹಕರು ಇಟ್ಟ ಹೆಸರು ‘ಮುಂಬಯಿ ಸ್ಪೆಷಲ್’. ನಾವು ಬಾಳುವ ಊರಿನ ಹೆಸರು ಹೀಗೆ ನಾಣ್ಯವಾದದ್ದು ನಮಗೆ ಹೆಮ್ಮೆಯೋ? ಅದೇ ರಿಪೇರಿಯವನು, “ಡಯಲ್ ಹೊಸದಾಗಿ ಬಳಿದದ್ದು” ಎಂದು ಹೇಳಿ ಮಾರಿದ್ದರೆ ಅವನು ಕುಶಲಕರ್ಮಿ, ಹೇಳದ್ದರಿಂದ ವಂಚಕ. ವ್ಯತ್ಯಾಸ ಭಾಗದಲ್ಲಿಲ್ಲ, ಬಾಯಲ್ಲಿದೆ.

ಈ ಸಂದರ್ಭದಲ್ಲಿ ನಮ್ಮವರ ಇನ್ನೊಂದು ಚಾಳಿಯನ್ನೂ ಖಂಡಿಸಬೇಕಾಗಿದೆ. ನಕಲಿ ಎಂದೊಡನೆ ಕಲ್ಯಾಣದ ಮಗ್ಗುಲಿನ ಉಲ್ಲಾಸನಗರದ ಹೆಸರೆತ್ತಿ ನಗುವುದು. 1947ರ ವಿಭಜನೆಯಲ್ಲಿ ಸಿಂಧ್ ಪ್ರಾಂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಬಂದವರು ಕಲ್ಯಾಣದ ಹಳೆಯ ಮಿಲಿಟರಿ ಶಿಬಿರದಲ್ಲಿ ಬೀಡುಬಿಟ್ಟು ಕಟ್ಟಿದ ಊರು ಅದು. ಉಲ್ಲಾಸನಗರವೆಂಬ ಹೆಸರು ಬಂದದ್ದು 1949ರಲ್ಲಿ. ಕೈಕಸುಬಿನಿಂದ ಬದುಕು ಕಟ್ಟಿಕೊಂಡವರನ್ನು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಗೇಲಿ ಮಾಡುವುದು ಯಾವ ನ್ಯಾಯ? ಅಲ್ಲಿ ತನ್ನ ಹೆಸರು ಹಾಕಿ ಮಾಲು ಮಾಡುವವನು ಮರ್ಯಾದಸ್ಥ. ಬೆಂಗಳೂರಿನಲ್ಲೇ ಆಗಲಿ ಪರರ ಹೆಸರು ಹಾಕುವವನು ಕಳ್ಳ. ಊರನ್ನು ದೂರಿದಷ್ಟು ಸುಲಭವಲ್ಲ ಬಿಲ್ಲು ಕೇಳುವುದು. ಅದಕ್ಕೇ ನಾವು ಊರನ್ನು ದೂರುತ್ತೇವೆ.

ಈಗ ಬಿಲ್ಲಿನ ಮಾತು. “ಬಿಲ್ ಬೇಕಾದರೆ ಜಿಎಸ್‌ಟಿ ಬೀಳುತ್ತದೆ” ಎಂಬ ಮಾತಿಗೆ ನಾವು ಬೆಚ್ಚಿಬೀಳುತ್ತೇವೆ. ಪ್ಯಾಕೆಟ್ಟಿನ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿವೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಅಂಗಡಿಯವನಿಗೆ ಆ ತೆರಿಗೆ ವಸೂಲು ಮಾಡುವ ಅಧಿಕಾರವಿಲ್ಲ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್, ಕಟ್ಟುವವನೂ ಗಿರಾಕಿಯಿಂದ ಅದನ್ನು ಪಡೆಯುವಂತಿಲ್ಲ. ಮೋಟಾರು ಬಿಡಿಭಾಗಗಳಲ್ಲಿ ಅನೇಕಕ್ಕೆ ಹಿಂದೆ ಇದ್ದ 28 ಶೇಕಡಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಇನ್ನೊಂದು ಸೂಕ್ಷ್ಮವುಂಟು. 200 ರೂಪಾಯಿಗೆ ಕಡಿಮೆಯ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಪ್ರತ್ಯೇಕ ತೆರಿಗೆ ಬಿಲ್ಲು ಕೊಡದೆ ಇರಬಹುದು ಎಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ‘ಗಿರಾಕಿ ಕೇಳದಿದ್ದರೆ’! ಗ್ಯಾಸ್ಕೆಟ್ಟು, ಕವಾಟ, ಬ್ರೇಕ್ ಕೇಬಲ್ಲು ಎಲ್ಲವೂ ಬಹುಮಟ್ಟಿಗೆ ಈ 200ರ ಒಳಗಿನವು. ನಮ್ಮ ಜೀವ ಕಾಯುವ ವಸ್ತುಗಳ ಬಿಲ್ಲನ್ನು ಕಾಯಿದೆ ನಮ್ಮ ನಾಲಿಗೆಗೇ ಒಪ್ಪಿಸಿದೆ. ನಾವು ನಾಲಿಗೆ ಕಚ್ಚಿಕೊಂಡು ನಿಲ್ಲುತ್ತೇವೆ.

2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಸ್ಪಷ್ಟವಾಗಿದೆ. ಮಾರಿದ ವಸ್ತುವಿಗೆ, ಮಾಡಿದ ಸೇವೆಗೆ ಬಿಲ್ಲನ್ನೋ ರಸೀದಿಯನ್ನೋ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಅಸಲಿಯೆಂದು ಸುಳ್ಳು ಹೇಳಿದ ಮಾಲಿಗೆ ‘ನಕಲಿ ಸರಕು’ ಎಂದು ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. ಅಂಥ ಸರಕಿನಿಂದ ಗ್ರಾಹಕ ಸತ್ತರೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸಜೆಯುಂಟು. ದೂರನ್ನು ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು; ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ; ಎರಡು ವರ್ಷದ ಒಳಗೆ ಕೊಡಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಅಹವಾಲು ಕೇಳುತ್ತದೆ. ಮರಾಠಿ ಬರುವುದಿಲ್ಲ, ಹಿಂದಿ ತೊದಲುತ್ತದೆ ಎಂಬ ನೆವ ಇನ್ನು ನಡೆಯದು. ಆದರೆ ಈ ಎಲ್ಲ ಬಾಗಿಲುಗಳಲ್ಲೂ ಮೊದಲು ಕೇಳುವ ಪ್ರಶ್ನೆ ಅಂಗಡಿಯವನು ನಮ್ಮನ್ನು ಕೇಳಿದ್ದೇ: ಬಿಲ್ಲು ಎಲ್ಲಿ?

ಕೆಲವು ಮಿತ್ರರು ಆಕ್ಷೇಪಿಸುತ್ತಾರೆ: “ಬಡ ಮೆಕ್ಯಾನಿಕ್ಕು, ಅವನಿಗೆ ಬಿಲ್ಲು, ಪುಸ್ತಕ ಎಂದು ಏಕೆ ಕಾಟ ಕೊಡುತ್ತೀರಿ?” ಅವನಿಂದ ಕಂಪ್ಯೂಟರಿನ ಬಿಲ್ಲು ಬೇಡ. ಬಿಳಿ ಹಾಳೆಯ ಮೇಲೆ ತಾರೀಖು, ಭಾಗದ ಹೆಸರು, ತಯಾರಕನ ಹೆಸರು, ಬೆಲೆ, ಒಂದು ರುಜು; ಇಷ್ಟೇ ಸಾಕು. ನಿಜ ಹೇಳುವವನಿಗೆ ಇದರಲ್ಲಿ ಒಂದು ನಿಮಿಷದ ಶ್ರಮ, ಸುಳ್ಳು ಹೇಳುವವನಿಗೆ ಮಾತ್ರ ಕೈ ನಡುಕ. ಇಷ್ಟಕ್ಕೂ ನಕಲಿಯಿಂದ ಮೊದಲು ಹಾಳಾಗುವವನು ಪ್ರಾಮಾಣಿಕ ಮೆಕ್ಯಾನಿಕ್ಕೇ. ಅವನು ಅಸಲಿ ಮಾಲಿಗೆ 150 ಹೇಳಿದಾಗ ಪಕ್ಕದವನು 90ಕ್ಕೆ ‘ಒರಿಜಿನಲ್’ ಕೊಡುತ್ತಾನೆ. ನಾವು ಪ್ರಾಮಾಣಿಕನನ್ನು ಲೂಟಿಕೋರನೆಂದು ಬೈದು ಪಕ್ಕದವನಲ್ಲಿಗೆ ಹೋಗುತ್ತೇವೆ. ನಮ್ಮ ಜಿಪುಣತನ ಬಡವನನ್ನು ಕಾಪಾಡುತ್ತಿಲ್ಲ. ಬಡವರಲ್ಲಿ ಒಳ್ಳೆಯವನನ್ನು ಮುಳುಗಿಸುತ್ತಿದೆ.

ಆದ್ದರಿಂದ ನಮ್ಮ ಕನ್ನಡ ಕುಟುಂಬಗಳು ಕೆಲವು ನಿಯಮ ಮಾಡಿಕೊಳ್ಳಲೆಂದು ವಿನಂತಿ. ರಿಪೇರಿ ಕಣ್ಣೆದುರಿಗೇ ಆಗಲಿ. ಪ್ಯಾಕೆಟ್ ನಮ್ಮ ಮುಂದೆಯೇ ಒಡೆಯಲಿ. ಪ್ಯಾಕೆಟ್ಟಿನ ಮೇಲೆ ತಯಾರಕನ ಹೆಸರು-ವಿಳಾಸ, ತಯಾರಾದ ತಿಂಗಳು-ವರ್ಷ, ಗರಿಷ್ಠ ಬೆಲೆ, ದೂರು ಕೊಡುವ ವಿಳಾಸ ಇವೆಯೇ ನೋಡಿ. ಇವು ಇರಬೇಕೆಂಬುದು 2011ರ ಪೊಟ್ಟಣ ಸರಕು ನಿಯಮ. ಐಎಸ್‌ಐ ಮುದ್ರೆ ಕಂಡೊಡನೆ ನಂಬಬೇಡಿ. ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆ ಯಾರದೆಂಬುದನ್ನು ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಮನೆಯ ಮಕ್ಕಳು ಅರ್ಧ ನಿಮಿಷದಲ್ಲಿ ಹುಡುಕಿಕೊಡುತ್ತಾರೆ. ಗ್ಯಾಸಿನ ‘ಸುರಕ್ಷಾ’ ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಅದನ್ನು ಗ್ಯಾಸ್ ಏಜೆನ್ಸಿಯಿಂದಲೇ ತನ್ನಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ನಿಜವಾಗಿ ಬದಲಾಯಿಸಿದರೇ ಎಂಬುದಕ್ಕೆ ಅದೇ ಸಾಕ್ಷಿ. ಖಾಲಿ ಪ್ಯಾಕೆಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಹರಿದುಹಾಕಿ. ಅಸಲಿ ಪೆಟ್ಟಿಗೆಯಲ್ಲಿ ನಕಲಿ ಮಾಲು ಕೂರುವುದು ಹಾಗೆಯೇ. ಕೊನೆಯದಾಗಿ, ಬಿಲ್ಲು. ಅದರಲ್ಲಿ ‘ಸ್ಪೇರ್ ಪಾರ್ಟ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ಯಾರ ಮಾಲು ಎಂದು ಬರೆಸಿ. “ಒರಿಜಿನಲ್ ತಾನೆ?” ಎಂದು ಕೇಳುವುದನ್ನು ಇಂದಿನಿಂದ ಬಿಟ್ಟುಬಿಡಿ, “ಬರೆದು ಕೊಡುತ್ತೀರಾ?” ಎಂದು ಕೇಳಿ. ಮಂತ್ರ ಅಲ್ಲಿಗೇ ನಿಂತುಹೋಗುತ್ತದೆ.

ನಾವು ಈ ವ್ರತ ಹಿಡಿದ ಮೇಲೆ ಎರಡು ಅಂಗಡಿಗಳಲ್ಲಿ ನಮ್ಮನ್ನು ಕಂಡರೆ ಮುಖ ಗಂಟಿಕ್ಕುತ್ತಾರೆ. ಮೂರನೆಯವನೊಬ್ಬ, “ಬರೆದು ಕೊಡುವುದಾದರೆ ಇದನ್ನಲ್ಲ, ಅದನ್ನು ಹಾಕುತ್ತೇನೆ” ಎಂದು ಒಳಗಿನ ಕಪಾಟಿನಿಂದ ಬೇರೆ ಪ್ಯಾಕೆಟ್ ತಂದ. ಬೆಲೆ 40 ರೂಪಾಯಿ ಹೆಚ್ಚು. ಅವನಿಗೇ ನಾವೀಗ ಖಾಯಂ ಗಿರಾಕಿಗಳು. ಇಂಥವರು ನಿಮ್ಮ ಬಡಾವಣೆಯಲ್ಲಿದ್ದರೆ ಸಂಘದ ಸಭೆಗೆ ಬಂದಾಗ ಉಳಿದವರಿಗೂ ತಿಳಿಸಿ. ಒಳ್ಳೆಯ ಭಜನ ಮಂಡಳಿ, ಒಳ್ಳೆಯ ಶಾಲೆಗಳ ವಿಚಾರ ಹಂಚಿಕೊಳ್ಳುವಂತೆ ಒಳ್ಳೆಯ ಮೆಕ್ಯಾನಿಕ್ಕಿನ ವಿಚಾರವನ್ನೂ ಹಂಚಿಕೊಳ್ಳಬೇಕಾದ ಕಾಲ ಇದು.

ಕುಕ್ಕರಿನ ಆ ಬಿಲ್ಲನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದೇವೆ. ಅದರ ಪಕ್ಕದಲ್ಲೇ ಕರಗದ ಕವಾಟವನ್ನು ದಾರ ಕಟ್ಟಿ ತೂಗುಬಿಟ್ಟಿದ್ದೇವೆ. ಬಂದ ನೆಂಟರು ಅದೇನೆಂದು ಕೇಳುತ್ತಾರೆ. ಮನೆಯಾಕೆ ಉತ್ತರಿಸುತ್ತಾರೆ: “ಅದು ಇವರು ಬಿಲ್ಲು ಬೇಡವೆಂದು ಉಳಿಸಿದ ದುಡ್ಡು.”